ಎಣ್ಣೆ ಸ್ನಾನದ ನಂತರ ಮೂರು ಗಂಟೆ, ಆಮೇಲೆ ಬರೀ ಇಪ್ಪತ್ತು ನಿಮಿಷ: ಎಳೆ ಮಗುವಿನ ಹಗಲು ನಿದ್ದೆ ಹೀಗೇಕೆ?

ಬೆಳಿಗ್ಗೆ ಅಜ್ಜಿ ಕಾಲು ಚಾಚಿ ಕೂತು ಮಗುವಿಗೆ ಎಣ್ಣೆ ಹಚ್ಚುತ್ತಾರೆ. ಹಂಡೆಯ ಬಿಸಿನೀರು ಹುಯ್ದು ಮೀಯಿಸುತ್ತಾರೆ. ಬಟ್ಟೆಯಲ್ಲಿ ಸುತ್ತಿ ಅಮ್ಮನ ಕೈಗೆ ಕೊಡುತ್ತಾರೆ. ಹಾಲು ಕುಡಿಯುತ್ತಲೇ ಮಗುವಿನ ಕಣ್ಣು ಮುಚ್ಚುತ್ತದೆ. ಎರಡು ಗಂಟೆ, ಕೆಲವೊಮ್ಮೆ ಮೂರು ಗಂಟೆ ಮಿಸುಕುವುದಿಲ್ಲ. ಅದೇ ಮಗು ಮಧ್ಯಾಹ್ನ ಇಪ್ಪತ್ತು ನಿಮಿಷಕ್ಕೆ ಎದ್ದು ಕೂಗುತ್ತದೆ. ಸಂಜೆಯಂತೂ ಮಲಗಿಸಲು ಹೋದರೆ ಬೆನ್ನು ಬಾಗಿಸಿ ಚಂಡಿ ಹಿಡಿಯುತ್ತದೆ. ಮಡಿಕೇರಿ ಪೇಟೆಯಾಗಲಿ, ಪೊನ್ನಂಪೇಟೆಯ ತೋಟದ ಮನೆಯಾಗಲಿ, ಸೋಮವಾರಪೇಟೆ ಕಡೆಯ ಹಳ್ಳಿಯಾಗಲಿ, ಬಾಣಂತನ ನಡೆಯುವ ಮನೆಯಲ್ಲಿ ಈ ದೂರು ಇದ್ದದ್ದೇ.

ದೂರಿಗೆ ಸಿಗುವ ಸಲಹೆಗಳೂ ಗೊತ್ತಿದ್ದದ್ದೇ. ದೃಷ್ಟಿ ಆಗಿದೆ. ಹಾಲು ಸಾಲುತ್ತಿಲ್ಲ. ಎತ್ತಿಕೊಂಡೇ ಇದ್ದು ಅಭ್ಯಾಸ ಕೆಡಿಸಿದ್ದೀಯ. ಹಗಲು ಮಲಗಿಸಬೇಡ, ರಾತ್ರಿ ಚೆನ್ನಾಗಿ ಮಲಗುತ್ತೆ. ಕೊನೆಯ ಸಲಹೆ ಕೇಳಲು ಸರಿ ಅನ್ನಿಸುತ್ತದೆ, ಅಲ್ವಾ? ದೊಡ್ಡವರಿಗೆ ಅದು ಒಂದಿಷ್ಟು ಹೊಂದುತ್ತದೆ ಕೂಡ. ಎಳೆ ಮಗುವಿಗೆ ಹೊಂದುವುದಿಲ್ಲ. ಹಗಲು ನಿದ್ದೆ ತಪ್ಪಿಸಿದ ಮಗು ದಣಿದು, ಕೆರಳಿ, ರಾತ್ರಿಯೂ ಮನೆಯವರನ್ನು ಕೂರಿಸಿಕೊಳ್ಳುತ್ತದೆ.

ನನ್ನ ಪ್ರಕಾರ, ಹಗಲು ನಿದ್ದೆಯ ಬಗ್ಗೆ ತಿಳಿಯಬೇಕಾದ ಮುಕ್ಕಾಲು ಪಾಲು ಸಂಗತಿ ಆ ಸ್ನಾನದ ನಂತರದ ನಿದ್ದೆಯಲ್ಲೇ ಇದೆ. ಅದು ಯಾಕೆ ಚೆನ್ನಾಗಿ ಬರುತ್ತದೆ ಅಂತ ಬಿಡಿಸಿ ನೋಡಿದರೆ, ಉಳಿದ ನಿದ್ದೆಗಳಿಗೆ ಏನು ಮಾಡಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ನಿದ್ದೆಯ ಒತ್ತಡ, ಮತ್ತು ಅದಕ್ಕೂ ಕಾಫಿಗೂ ಇರುವ ನಂಟು

ನಿದ್ದೆ ಬರುವುದರ ಹಿಂದೆ ಎರಡು ವ್ಯವಸ್ಥೆಗಳಿವೆ ಅಂತ 1982ರಲ್ಲಿ ಅಲೆಕ್ಸಾಂಡರ್ ಬೋರ್ಬೆಲಿ ಎಂಬ ವಿಜ್ಞಾನಿ ವಿವರಿಸಿದರು. ಇವತ್ತಿಗೂ ನಿದ್ದೆಯ ವೈದ್ಯರು ಇದೇ ಲೆಕ್ಕ ಹಿಡಿಯುತ್ತಾರೆ. ಒಂದು, ಎಚ್ಚರವಿದ್ದಷ್ಟೂ ಏರುತ್ತಾ ಹೋಗುವ ನಿದ್ದೆಯ ಒತ್ತಡ. ಇನ್ನೊಂದು, ಹಗಲು-ರಾತ್ರಿಯನ್ನು ಗುರುತಿಸುವ ದೇಹದೊಳಗಿನ ಗಡಿಯಾರ.

ಮಿದುಳು ಕೆಲಸ ಮಾಡುತ್ತಿರುವಾಗ ಅಡಿನೋಸಿನ್ ಅನ್ನುವ ವಸ್ತು ಅಲ್ಲಿ ಸೇರುತ್ತಾ ಹೋಗುತ್ತದೆ. ಜಾಸ್ತಿಯಾದಷ್ಟೂ ತೂಕಡಿಕೆ. ಮಲಗಿದಾಗ ಇಳಿಯುತ್ತದೆ. ಕಾಫಿ ಕುಡಿದರೆ ನಿದ್ದೆ ಹೋಗುತ್ತದೆ ಅಂತೀವಲ್ಲ, ಅದರ ಗುಟ್ಟು ಇಲ್ಲೇ ಇದೆ. ಮಿದುಳಿನಲ್ಲಿ ಅಡಿನೋಸಿನ್ ಹೋಗಿ ಕೂರಬೇಕಾದ ಜಾಗದಲ್ಲಿ ಕೆಫೀನ್ ಕೂತುಬಿಡುತ್ತದೆ. ದಣಿವು ಹೋಗಿರುವುದಿಲ್ಲ, ಅದರ ಸುದ್ದಿ ಮಿದುಳಿಗೆ ಮುಟ್ಟಿರುವುದಿಲ್ಲ ಅಷ್ಟೇ.

ದೊಡ್ಡವರಲ್ಲಿ ಈ ಒತ್ತಡ ಏರಲು ಇಡೀ ಹಗಲು ಬೇಕು. ಹುಟ್ಟಿ ಒಂದೆರಡು ತಿಂಗಳಾದ ಮಗುವಿಗೆ ಮುಕ್ಕಾಲರಿಂದ ಒಂದು ಗಂಟೆ ಸಾಕು. ಆ ಹೊತ್ತಿನಲ್ಲಿ ಹಾಲು ಕುಡಿದು, ಬಟ್ಟೆ ಬದಲಿಸಿಕೊಂಡು, ಸ್ವಲ್ಪ ಹೊತ್ತು ಮುಖ ನೋಡಿದರೆ ಮುಗಿಯಿತು. ಮೂರು-ನಾಲ್ಕು ತಿಂಗಳಿಗೆ ಇದು ಒಂದೂಕಾಲರಿಂದ ಎರಡು ಗಂಟೆಗೆ ಏರುತ್ತದೆ. ಆರು ತಿಂಗಳ ಹೊತ್ತಿಗೆ ಎರಡು, ಎರಡೂವರೆ ಗಂಟೆ. ಎಂಟು-ಒಂಬತ್ತು ತಿಂಗಳಿಗೆ ಮೂರು ಗಂಟೆಯ ಆಸುಪಾಸು. ಇವು ಅನುಭವದಿಂದ ಬಂದ ಅಂದಾಜು, ಶಿಲಾಶಾಸನವೇನೂ ಅಲ್ಲ. ಅವಧಿಗೆ ಮೊದಲೇ ಹುಟ್ಟಿದ ಮಗುವಾದರೆ ವಯಸ್ಸನ್ನು ಹೆರಿಗೆಯ ಅಂದಾಜು ದಿನದಿಂದ ಎಣಿಸಬೇಕು.

ಈಗ ಸ್ನಾನದ ಕಡೆ ನೋಡಿ. ಮಗು ಎದ್ದಿದೆ, ಎಣ್ಣೆ ತಿಕ್ಕಿಸಿಕೊಂಡಿದೆ, ಕೈಕಾಲು ಆಡಿಸಿದೆ, ನೀರು ಹುಯ್ಯುವಾಗ ಅತ್ತಿದೆ. ಎಲ್ಲ ಮುಗಿಯುವ ಹೊತ್ತಿಗೆ ಸುಮಾರು ಒಂದು ಗಂಟೆ. ಅಂದರೆ ಒತ್ತಡ ಸರಿಯಾಗಿ ಏರಿದ ಗಳಿಗೆಗೆ ಅಮ್ಮನ ಮಡಿಲು ಸಿಗುತ್ತದೆ. ಮಧ್ಯಾಹ್ನ ಹಾಗಾಗುವುದಿಲ್ಲ. ನೆಂಟರು ಬಂದಿರುತ್ತಾರೆ, ಮಗು ಕೈಯಿಂದ ಕೈಗೆ ಹೋಗುತ್ತದೆ, ಎರಡು ಗಂಟೆ ಕಳೆದಿರುತ್ತದೆ. ‘ಇಷ್ಟು ಹೊತ್ತು ನಗುತ್ತಿತ್ತು, ಈಗ ಏನಾಯ್ತು ಇದಕ್ಕೆ?’ ಅನ್ನುತ್ತಾರೆ. ಆಗಿದ್ದು ಇಷ್ಟೇ: ಮಲಗುವ ಹೊತ್ತು ಒಂದು ಗಂಟೆ ಹಿಂದೆಯೇ ಬಂದು ಹೋಗಿತ್ತು.

ಆ ಹೊತ್ತನ್ನು ಗಡಿಯಾರಕ್ಕಿಂತ ಮಗುವೇ ಚೆನ್ನಾಗಿ ಹೇಳುತ್ತದೆ. ಮೊದಲು ನೋಟ ಮಂಕಾಗುತ್ತದೆ, ಎಲ್ಲೋ ಗೋಡೆ ಕಡೆ ದಿಟ್ಟಿಸುತ್ತದೆ. ಮುಖ ತಿರುಗಿಸಿಕೊಳ್ಳುತ್ತದೆ. ಹುಬ್ಬಿನ ಸುತ್ತ ಕೆಂಪಾಗುತ್ತದೆ. ಆಕಳಿಕೆ, ಕಣ್ಣು-ಕಿವಿ ಉಜ್ಜುವುದು ಅದರ ನಂತರ. ಮುಷ್ಟಿ ಬಿಗಿದು, ಬೆನ್ನು ಬಾಗಿಸಿ ಅಳುವುದು ತಡವಾಯಿತು ಅನ್ನುವುದರ ಗುರುತು. ಕಣ್ಣು ಉಜ್ಜಿದ ಮೇಲೆ ಹಾಸಿಗೆ ಹುಡುಕಲು ಹೊರಡಬೇಡಿ. ನೋಟ ಮಂಕಾದಾಗಲೇ ಕೋಣೆಗೆ ಕರೆದೊಯ್ಯಿರಿ.

ಕೊಡಗಿನ ಮನೆ ಅಂದ ಮೇಲೆ ಅಮ್ಮನ ಕಾಫಿಯ ಮಾತೂ ಬರಬೇಕು. ತಾಯಿ ಕುಡಿದ ಕೆಫೀನಿನಲ್ಲಿ ಎದೆಹಾಲಿಗೆ ಹೋಗುವುದು ಸುಮಾರು ಶೇಕಡ 1 ಮಾತ್ರ. ತೊಂದರೆ ಪ್ರಮಾಣದ್ದಲ್ಲ, ಅದು ಹೊರಹೋಗುವ ವೇಗದ್ದು. ದೊಡ್ಡವರ ದೇಹದಲ್ಲಿ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಸಾಕು. ಹಸುಗೂಸಿಗೆ 3 ದಿನಕ್ಕೂ ಜಾಸ್ತಿ ಹಿಡಿಯಬಹುದು. ಹಾಗಾಗಿ ದಿನಾ ಸ್ವಲ್ಪ ಸ್ವಲ್ಪ ಸೇರುತ್ತಾ ಹೋಗುತ್ತದೆ. ಆರು ತಿಂಗಳ ಹೊತ್ತಿಗೆ ಮಗುವಿನ ಯಕೃತ್ತು ಬಲಿತು ಈ ಸಮಸ್ಯೆ ಬಹುಪಾಲು ಮುಗಿಯುತ್ತದೆ. ಹಾಲುಣಿಸುವ ತಾಯಿಗೆ ದಿನಕ್ಕೆ 200 ಮಿಲಿಗ್ರಾಂ ಕೆಫೀನ್ ತನಕ ಚಿಂತೆಯಿಲ್ಲ ಅಂತ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಹೇಳಿದೆ. ಹೆಚ್ಚುಕಡಿಮೆ ಎರಡು ಲೋಟ ಸಾಧಾರಣ ಕಾಫಿ. ಆದರೆ ರೋಬಸ್ಟಾದಲ್ಲಿ ಅರೇಬಿಕಾಕ್ಕಿಂತ ಹತ್ತಿರಹತ್ತಿರ ಎರಡು ಪಟ್ಟು ಕೆಫೀನ್ ಇರುತ್ತದೆ. ಮನೆಯ ತೋಟದ ರೋಬಸ್ಟಾ ಪುಡಿ, ಚಿಕೋರಿ ಇಲ್ಲದೆ, ಬೆಲ್ಲ ಹಾಕಿ ಕುದಿಸಿದ ಕಪ್ಪು ಕಾಫಿ ದಿನಕ್ಕೆ ನಾಲ್ಕು ಲೋಟ ಆದರೆ ಲೆಕ್ಕ ತಪ್ಪುತ್ತದೆ. ಬಾಣಂತಿಗೆ ಕಾಫಿ ಬಿಡಿ ಅಂತ ಹೇಳುವ ಧೈರ್ಯ ನನಗಿಲ್ಲ, ಬಿಡಬೇಕಾಗಿಯೂ ಇಲ್ಲ. ಮೊದಲ ಮೂರು ತಿಂಗಳು ಎರಡು ಲೋಟಕ್ಕೆ ನಿಲ್ಲಿಸಿ ನೋಡಿ.

ಮಳೆಗಾಲದ ಕತ್ತಲೆ

ಎರಡನೆಯದು ದೇಹದ ಗಡಿಯಾರ. ಅದು ಹುಟ್ಟಿದ ಮಗುವಿನಲ್ಲಿ ಇನ್ನೂ ನಡೆಯಲು ಶುರುವಾಗಿರುವುದಿಲ್ಲ. ಹೊಟ್ಟೆಯಲ್ಲಿದ್ದಾಗ ಅಮ್ಮನ ಗಡಿಯಾರವೇ ಅದರ ಗಡಿಯಾರ. ಹೊರಬಂದ ಮೇಲೆ ತನ್ನದೇ ಮೆಲಟೋನಿನ್, ಅಂದರೆ ಕತ್ತಲಾದಾಗ ಏರುವ ಹಾರ್ಮೋನು, ಹಗಲು-ರಾತ್ರಿಯ ಲಯಕ್ಕೆ ಬರಲು ಎರಡು-ಮೂರು ತಿಂಗಳು ಬೇಕು. ಹಸುಗೂಸು ಹಗಲು ರಾತ್ರಿ ಅದಲುಬದಲು ಮಾಡಿಕೊಂಡಿದೆ ಅಂತ ನಗುತ್ತೇವೆ. ಅದಕ್ಕೆ ಆ ಎರಡರ ನಡುವೆ ಭೇದವೇ ಇನ್ನೂ ಇರುವುದಿಲ್ಲ.

ಆದ್ದರಿಂದ ಮೊದಲ ಎರಡು ತಿಂಗಳು ‘ಹತ್ತು ಗಂಟೆಗೆ ಮಲಗಬೇಕು, ಎರಡಕ್ಕೆ ಮಲಗಬೇಕು’ ಅನ್ನುವ ವೇಳಾಪಟ್ಟಿ ಹಾಕುವುದು ಸುಮ್ನೆ ಕಷ್ಟ. ಎಚ್ಚರದ ಅವಧಿ ಮಾತ್ರ ನೋಡಿಕೊಳ್ಳಿ. ಗಡಿಯಾರ ಬೇಗ ಕೂರಲಿ ಅಂದರೆ ಮಾಡಬಹುದಾದ ಒಂದು ಕೆಲಸ ಹಗಲಿನ ಬೆಳಕು ತೋರಿಸುವುದು. ಹಗಲು, ಅದರಲ್ಲೂ ಮಧ್ಯಾಹ್ನದ ಮೊದಲ ಭಾಗದಲ್ಲಿ ಹೆಚ್ಚು ಬೆಳಕು ಕಂಡ ಆರರಿಂದ ಹನ್ನೆರಡು ವಾರದ ಶಿಶುಗಳು ರಾತ್ರಿ ಚೆನ್ನಾಗಿ ಮಲಗುತ್ತಿದ್ದವು ಅಂತ 2004ರ ಒಂದು ಬ್ರಿಟಿಷ್ ಅಧ್ಯಯನದಲ್ಲಿ ಕಂಡುಬಂತು.

ಇಲ್ಲಿ ನಮ್ಮ ಜಿಲ್ಲೆಯ ಕಷ್ಟ ಬೇರೆಯೇ. ಜೂನ್‌ನಿಂದ ಸೆಪ್ಟೆಂಬರ್ ತನಕ ಭಾಗಮಂಡಲ, ನಾಪೋಕ್ಲು ಕಡೆ ಹಗಲಿಗೂ ಮುಸ್ಸಂಜೆಯ ಬೆಳಕು. ಗಾಳಿ ಬೀಸುತ್ತದೆ ಅಂತ ಕಿಟಕಿ ಮುಚ್ಚಿರುತ್ತೇವೆ. ಶೀತವಾಗುತ್ತದೆ ಅಂತ ಬಾಣಂತಿ ಕೋಣೆಯ ಬಾಗಿಲೂ ಮುಚ್ಚಿರುತ್ತದೆ. ಆ ಕೋಣೆಯೊಳಗೆ ಹಗಲೂ ಒಂದೇ, ರಾತ್ರಿಯೂ ಒಂದೇ. ಟ್ಯೂಬ್‌ಲೈಟ್ ಹಾಕಿದರೂ ಸಿಗುವುದು ಇನ್ನೂರು-ಮುನ್ನೂರು ಲಕ್ಸ್ (ಬೆಳಕು ಅಳೆಯುವ ಮಾನ) ಬೆಳಕು. ಮೋಡ ಕವಿದ ದಿನವೂ ಹೊರಗೆ ಸಾವಿರದ ಲೆಕ್ಕದಲ್ಲಿ ಬೆಳಕಿರುತ್ತದೆ. ಹಾಗಾಗಿ ಮಗು ಎಚ್ಚರವಿರುವಾಗ ಬೆಚ್ಚಗೆ ಸುತ್ತಿ ಜಗಲಿಗೆ ತನ್ನಿ. ಇರಚಲು ಹೊಡೆಯದ ಮೂಲೆಯಲ್ಲಿ ಕೂತು ಹಾಲು ಕೊಡಿ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ. ತಂಪು ಗಾಳಿಯಿಂದ ಶೀತ ಬರುವುದಿಲ್ಲ, ವೈರಸ್ಸಿನಿಂದ ಬರುತ್ತದೆ. ಕೆಮ್ಮುತ್ತಾ ಮಗುವಿನ ಕೆನ್ನೆಗೆ ಮುತ್ತು ಕೊಡುವ ನೆಂಟರು ಗಾಳಿಗಿಂತ ಅಪಾಯ.

ಹಗಲು ಮಲಗುವಾಗ ಕೋಣೆ ಕತ್ತಲು ಮಾಡಬೇಕೇ? ಮೊದಲ ಆರೆಂಟು ವಾರ ಬೇಡ. ಬೆಳಕಿನಲ್ಲೇ, ಮಾತಿನ ನಡುವೆಯೇ ಮಲಗಲಿ. ಮೂರನೇ ತಿಂಗಳಿಂದ ಮಗುವಿಗೆ ಲೋಕ ನೋಡುವ ಆಸೆ ಶುರುವಾಗುತ್ತದೆ. ಫ್ಯಾನಿನ ರೆಕ್ಕೆಯೂ ನೋಟಕ್ಕೆ ಹಬ್ಬವಾಗುತ್ತದೆ. ಆಗಿನಿಂದ ಪರದೆ ಎಳೆದು ಕೋಣೆ ಮಂದ ಮಾಡಿದರೆ ಉಪಯೋಗ ಇದೆ.

ಮೂವತ್ತೈದು ನಿಮಿಷದ ಗಂಟು

ಅಮ್ಮಂದಿರಿಗೆ ಜಾಸ್ತಿ ಬೇಸರ ತರಿಸುವುದು ಇದು. ಅರ್ಧ ಗಂಟೆ ತಟ್ಟಿ ಮಲಗಿಸಿರುತ್ತಾರೆ. ಊಟಕ್ಕೆ ಕೂರುವ ಹೊತ್ತಿಗೆ ಮಗು ಎದ್ದಿರುತ್ತದೆ. ಪ್ರತಿ ಸಲ ಮೂವತ್ತು, ಮೂವತ್ತೈದು, ನಲವತ್ತು ನಿಮಿಷ.

1953ರಲ್ಲಿ ಷಿಕಾಗೋದಲ್ಲಿ ಯೂಜಿನ್ ಅಸೆರಿನ್ಸ್ಕಿ ಮತ್ತು ನಥೇನಿಯಲ್ ಕ್ಲೈಟ್‌ಮನ್ ನಿದ್ದೆಯ ನಡುವೆ ಕಣ್ಣುಗುಡ್ಡೆ ಚುರುಕಾಗಿ ಓಡಾಡುವ ಹಂತವೊಂದಿದೆ ಅಂತ ಪ್ರಕಟಿಸಿದರು. ಅಸೆರಿನ್ಸ್ಕಿ ಅದಕ್ಕೂ ಮೊದಲು ನೋಡುತ್ತಾ ಕೂತಿದ್ದು ಮಲಗಿದ ಶಿಶುಗಳ ಕಣ್ಣನ್ನೇ. ದೊಡ್ಡವರ ನಿದ್ದೆಯಲ್ಲಿ ಈ ಚುರುಕು ಹಂತ ಸುಮಾರು ಕಾಲು ಭಾಗ. ಹಸುಗೂಸಿನಲ್ಲಿ ಅರ್ಧದಷ್ಟು. ಮಗು ನಿದ್ದೆಯಲ್ಲಿ ನಗುವುದು, ತುಟಿ ಚೀಪುವುದು, ನರಳುವುದು, ಕೈ ಎತ್ತುವುದು ಎಲ್ಲ ಈ ಹಂತದಲ್ಲೇ. ಎದ್ದಿತು ಅಂದುಕೊಂಡು ನಾವು ಎತ್ತಿಬಿಡುತ್ತೇವೆ. ಎಷ್ಟೋ ಸಲ ಅದು ಎದ್ದೇ ಇರುವುದಿಲ್ಲ, ನಾವೇ ಎಬ್ಬಿಸಿರುತ್ತೇವೆ. ಮುಲುಕಿದರೆ ಒಂದೆರಡು ನಿಮಿಷ ಸುಮ್ಮನೆ ನಿಂತು ನೋಡಿ. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಅತಿ ಸುಲಭವಾದ, ಅತಿ ಕಡಿಮೆ ಜನ ಮಾಡುವ ಉಪಾಯ ಇದು.

ಇನ್ನೊಂದು ಸಂಗತಿ. ನಮಗೆ ನಿದ್ದೆಯ ಒಂದು ಸುತ್ತು ಸುಮಾರು ಒಂದೂವರೆ ಗಂಟೆ. ಮಗುವಿಗೆ ಮುಕ್ಕಾಲರಿಂದ ಒಂದು ಗಂಟೆ. ಸುತ್ತು ಮುಗಿದಾಗ ಎಲ್ಲರೂ ಅರೆ ಎಚ್ಚರವಾಗುತ್ತೇವೆ, ಮಗ್ಗುಲು ಬದಲಿಸಿ ಮತ್ತೆ ಮಲಗುತ್ತೇವೆ. ಈ ಮತ್ತೆ ಮಲಗುವ ಕೆಲಸ ಮಗುವಿಗೆ ಇನ್ನೂ ಬಾರದು. ರಾತ್ರಿ ನಿದ್ದೆಯ ಒತ್ತಡ ಜಾಸ್ತಿ ಇರುತ್ತದೆ, ಹಾಗಾಗಿ ದಾಟಿಬಿಡುತ್ತದೆ. ಹಗಲು ಒತ್ತಡ ಕಡಿಮೆ, ಒಂದು ಸುತ್ತಿಗೇ ಮುಗಿಯುತ್ತದೆ. ಐದಾರು ತಿಂಗಳ ತನಕ ಹೀಗೆ ಚಿಕ್ಕ ಚಿಕ್ಕ ನಿದ್ದೆ ಮಾಡುವುದು ಕಾಯಿಲೆಯೂ ಅಲ್ಲ, ಅಮ್ಮನ ತಪ್ಪೂ ಅಲ್ಲ. ಮೊದಲ ಮೂರು ತಿಂಗಳು ರಾತ್ರಿ ಹಗಲು ಸೇರಿ 14ರಿಂದ 17 ಗಂಟೆ, ನಾಲ್ಕನೇ ತಿಂಗಳಿಂದ ಒಂದು ವರ್ಷದ ತನಕ 12ರಿಂದ 16 ಗಂಟೆ ಮಲಗಿದರೆ ಲೆಕ್ಕ ಸರಿಯಿದೆ. ಎಷ್ಟು ಕಂತಿನಲ್ಲಿ ಅನ್ನುವುದು ಎರಡನೇ ಮಾತು. ತೂಕ ಏರುತ್ತಿದ್ದು, ಎದ್ದಾಗ ಮಗು ಗೆಲುವಾಗಿದ್ದರೆ ಮೂವತ್ತೈದು ನಿಮಿಷದ ನಿದ್ದೆಗೆ ತಲೆ ಕೆಡಿಸಿಕೊಳ್ಳಬೇಡಿ.

ಇನ್ನು ತೋಳಿನಲ್ಲಿ ಮಲಗಿದ ಮಗು ಹಾಸಿಗೆಗೆ ಇಳಿಸಿದ ತಕ್ಷಣ ಕಣ್ಣು ಬಿಡುವುದು. ಇದರ ಬಗ್ಗೆ ಜಪಾನಿನ ರಿಕೆನ್ ಸಂಸ್ಥೆಯ ಕುಮಿ ಕುರೋಡ ಅವರ ತಂಡ 2022ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಶಿಶುಗಳ ಹೃದಯ ಬಡಿತ ಅಳೆದು ನೋಡಿದರು. ಅಳುವ ಮಗುವನ್ನು ಎತ್ತಿಕೊಂಡು ಐದು ನಿಮಿಷ ನಿಲ್ಲದೆ ನಡೆದಾಗ ಶಾಂತವಾಗುತ್ತಿತ್ತು, ಹಲವು ನಿದ್ದೆಗೂ ಹೋಗುತ್ತಿದ್ದವು. ಕೂಡಲೇ ಹಾಸಿಗೆಗೆ ಇಳಿಸಿದರೆ ಅಮ್ಮನ ಮೈಯಿಂದ ಬೇರೆಯಾಗುವ ಕ್ಷಣಕ್ಕೇ ಬಡಿತ ಏರಿ ಎಚ್ಚರಾಗುತ್ತಿತ್ತು. ನಿದ್ದೆ ಬಂದ ಮೇಲೆ ಐದರಿಂದ ಎಂಟು ನಿಮಿಷ ಎತ್ತಿಕೊಂಡೇ ಕೂತು, ಆಮೇಲೆ ಇಳಿಸಿದರೆ ಏಳುವ ಸಾಧ್ಯತೆ ಕಡಿಮೆ. ಎಳೆ ಮಗು ಮೊದಲು ಜಾರುವುದು ಆ ಚುರುಕು ನಿದ್ದೆಗೇ. ಗಾಢ ನಿದ್ದೆ ಬರಲು ಹೊತ್ತು ಬೇಕು. ಅಂಗಳದಲ್ಲಿ ಐದು ನಿಮಿಷ ನಡೆದು, ಜಗಲಿಯಲ್ಲಿ ಎಂಟು ನಿಮಿಷ ಕೂತು, ಆಮೇಲೆ ಒಳಗೆ ಹೋಗಿ. ಕೈ ಎತ್ತಿ ಬಿಟ್ಟರೆ ಸಡಿಲವಾಗಿ ಬೀಳುತ್ತಿದ್ದರೆ ಗಾಢ ನಿದ್ದೆ ಬಂದಿದೆ ಅಂತ ಅರ್ಥ.

ಸ್ನಾನದಿಂದ ಕಲಿಯುವುದು

ಸ್ನಾನದ ನಿದ್ದೆಗೆ ಸಮಯ ಒಂದೇ ಕಾರಣವಲ್ಲ. ಬಿಸಿನೀರಿಗೆ ಚರ್ಮದ ರಕ್ತನಾಳಗಳು ಅರಳುತ್ತವೆ. ಹೊರಬಂದ ಮೇಲೆ ಆ ದಾರಿಯಲ್ಲಿ ಮೈಯೊಳಗಿನ ಬಿಸಿ ಹೊರಹೋಗುತ್ತದೆ. ಒಳಗಿನ ತಾಪ ಸ್ವಲ್ಪ ಇಳಿಯುವುದೇ ನಿದ್ದೆಗೆ ಒಂದು ಸೂಚನೆ. ಜೊತೆಗೆ ಹೊಟ್ಟೆ ತುಂಬಿದೆ. ಬಟ್ಟೆ ಸುತ್ತಿದ್ದರಿಂದ ಕೈ ಬೆಚ್ಚಿ ಹಾರುವುದಿಲ್ಲ. ಮತ್ತು ಬಹಳ ಮುಖ್ಯವಾದ್ದು, ಪ್ರತಿದಿನ ಅದೇ ಕ್ರಮ: ಎಣ್ಣೆ, ನೀರು, ಬಟ್ಟೆ, ಹಾಲು, ನಿದ್ದೆ. ಎರಡು ತಿಂಗಳ ಮಗುವಿಗೆ ಗಂಟೆ ತಿಳಿಯುವುದಿಲ್ಲ, ‘ಇದಾದ ಮೇಲೆ ಇದು’ ಅನ್ನುವುದು ಬಹಳ ಬೇಗ ತಿಳಿಯುತ್ತದೆ.

ಉಳಿದ ನಿದ್ದೆಗಳಿಗೂ ಇಂಥದೇ ಒಂದು ಚಿಕ್ಕ ಕ್ರಮ ಕಟ್ಟಿ. ದಿನಕ್ಕೆ ನಾಲ್ಕು ಸಲ ಮೀಯಿಸಲು ಆಗುವುದಿಲ್ಲವಲ್ಲ. ಬಟ್ಟೆ ಬದಲಿಸಿ, ಕೋಣೆಗೆ ಹೋಗಿ, ಪರದೆ ಎಳೆದು, ಒಂದೇ ಜೋಗುಳವನ್ನು ಮೆಲ್ಲಗೆ ಹಾಡಿ, ತಟ್ಟಿ. ಐದು-ಹತ್ತು ನಿಮಿಷ ಸಾಕು. ಕೊಡವ ತಕ್ಕಿನಲ್ಲೋ ಅರೆಭಾಷೆಯಲ್ಲೋ ಕನ್ನಡದಲ್ಲೋ ಹಾಡಿ, ಯಾವ ಭಾಷೆಯಾದರೂ ಸರಿ. ಪ್ರತಿ ಸಲ ಅದೇ ಹಾಡು ಇರಲಿ. ಅಮ್ಮನೇ ಹಾಡಬೇಕು ಅಂತಿಲ್ಲ. ಅಪ್ಪ, ತಾತ ಹಾಡಿದರೆ ಮುಂದೆ ಅನುಕೂಲ.

ಎಲ್ಲ ನಿದ್ದೆಯನ್ನೂ ಒಟ್ಟಿಗೆ ತಿದ್ದಲು ಹೋಗಬೇಡಿ. ಬೆಳಗಿನ ಮೊದಲ ನಿದ್ದೆ ಸುಲಭವಾಗಿ ಬರುತ್ತದೆ, ಅಲ್ಲಿಂದ ಶುರು ಮಾಡಿ. ಆ ಒಂದು ನಿದ್ದೆಗೆ ಮಗುವನ್ನು ಅರೆ ಎಚ್ಚರದಲ್ಲಿ ಹಾಸಿಗೆಗೆ ಇಳಿಸಿ, ಕೈಯಿಟ್ಟು ತಟ್ಟಿ ನೋಡಿ. ಆದರೆ ಆಯಿತು, ಅತ್ತರೆ ಎತ್ತಿಕೊಳ್ಳಿ. ಸಂಜೆಯ ನಿದ್ದೆ ತೋಳಿನಲ್ಲೇ ಆಗಲಿ. ಮಗುವಿನ ಅಳು ಆರು ವಾರದ ಸುಮಾರಿಗೆ ಅತಿ ಜಾಸ್ತಿ ಇರುತ್ತದೆ, ಅದೂ ಸಂಜೆ ಹೊತ್ತಿಗೆ. ಮೂರು-ನಾಲ್ಕು ತಿಂಗಳಿಗೆ ಇಳಿಯುತ್ತದೆ. ಆ ಹೊತ್ತಿನಲ್ಲಿ ಪಾಠ ಕಲಿಸುವುದು ಯಾರಿಗೂ ಬೇಡ. ಎತ್ತಿಕೊಂಡರೆ ಅಭ್ಯಾಸ ಕೆಡುತ್ತದೆ ಅನ್ನುವ ಮಾತಿಗೆ ಮೊದಲ ಮೂರು ತಿಂಗಳಲ್ಲಿ ಬೆಲೆ ಕೊಡಬೇಡಿ.

ಒಂದು ಎಚ್ಚರಿಕೆ. ಹುಟ್ಟಿದ ತೂಕಕ್ಕೆ ಮಗು ಮರಳುವ ತನಕ, ಅಂದರೆ ಸಾಮಾನ್ಯವಾಗಿ ಎರಡು ವಾರ, ಸ್ನಾನದ ನಿದ್ದೆ ಮೂರು ಗಂಟೆ ದಾಟಿದರೆ ಎಬ್ಬಿಸಿ ಹಾಲು ಕೊಡಬೇಕು. ಕಾಮಾಲೆ ಇರುವ ಕೂಸು ಹಾಲಿಗೂ ಏಳದೆ ಮಲಗಿಬಿಡುತ್ತದೆ. ಅದನ್ನು ‘ಒಳ್ಳೆ ಮಗು’ ಅಂತ ಹೊಗಳಬೇಡಿ, ವೈದ್ಯರಿಗೆ ತೋರಿಸಿ. ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಬಂದರೂ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಗದ್ದಲ

ಹೆಂಚಿನ ಮೇಲೆ, ಶೀಟಿನ ಮೇಲೆ ಒಂದೇ ಸಮ ಸುರಿಯುವ ಮಳೆ ಮಗುವಿಗೆ ಒಳ್ಳೆಯ ಜೊತೆ. ಏರಿಳಿತವಿಲ್ಲದ ಸದ್ದು ಉಳಿದ ಚಿಕ್ಕಪುಟ್ಟ ಸದ್ದುಗಳನ್ನು ಮುಚ್ಚುತ್ತದೆ. ಪೇಟೆಯವರು ಇದಕ್ಕಾಗಿ ಮೊಬೈಲಿನಲ್ಲಿ ಮಳೆಯ ಸದ್ದು ಹಾಕುತ್ತಾರೆ. ನಾವೂ ಬೇಸಿಗೆಯಲ್ಲಿ ಹಾಕಬಹುದು. ಮಗುವಿನಿಂದ ಎರಡು ಮೀಟರ್ ದೂರ ಇಡಿ. ಸದ್ದು 50 ಡೆಸಿಬೆಲ್ ದಾಟಬಾರದು, ಅಂದರೆ ಮೆಲುಮಾತಿಗಿಂತ ಜೋರಾಗಬಾರದು. ನಿದ್ದೆ ಬಂದ ಮೇಲೆ ನಿಲ್ಲಿಸಿ.

ತೊಂದರೆ ಇರುವುದು ಇದ್ದಕ್ಕಿದ್ದಂತೆ ಬರುವ ಸದ್ದಿನದ್ದು. ಮಲಗಿದ ಮಗು ಬೆಚ್ಚಿ ಎರಡೂ ಕೈ ಚಾಚುವುದಕ್ಕೆ ಮೋರೋ ಪ್ರತಿಕ್ರಿಯೆ ಅನ್ನುತ್ತಾರೆ. ನಾಲ್ಕರಿಂದ ಆರು ತಿಂಗಳಿಗೆ ಅದು ಮಾಯವಾಗುತ್ತದೆ. ಅಲ್ಲಿಯ ತನಕ ನಮ್ಮಲ್ಲಿ ಸದ್ದಿಗೇನು ಬರವೇ? ಆನೆ ಓಡಿಸಲು ಪಟಾಕಿ, ಸುಗ್ಗಿಯ ಹಬ್ಬ ಪುತ್ತರಿಗೆ ಗುಂಡು ಮತ್ತು ಪಟಾಕಿ, ಫೆಬ್ರುವರಿ-ಮಾರ್ಚ್‌ನಲ್ಲಿ ಕಾಫಿ ಗಿಡ ಹೂಬಿಡಿಸುವ ಹೂಮಳೆಗೆ ಕಾಯದೆ ಸ್ಪ್ರಿಂಕ್ಲರ್ ಹಾಕುವ ಮೋಟಾರು, ಕೊಯ್ಲಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ. ಗಂಡು ಮಗು ಹುಟ್ಟಿದರೆ ಗುಂಡು ಹಾರಿಸಿ ಊರಿಗೆ ತಿಳಿಸುವ ಪದ್ಧತಿ ಇದ್ದ ನಾಡು ಇದು. ಮೋಟಾರಿನ ಸದ್ದಿಗೆ ಮಗು ಹೊಂದಿಕೊಳ್ಳುತ್ತದೆ, ಅದು ಒಂದೇ ಸಮ ಇರುತ್ತದೆ. ಗುಂಡಿನ ಸದ್ದು ಮಾತ್ರ ಎಳೆಯ ಕಿವಿಗೇ ಕೆಟ್ಟದ್ದು. ಆ ಹೊತ್ತು ಮಗುವನ್ನು ಅಂಗಳದಿಂದ ದೂರದ ಒಳಕೋಣೆಯಲ್ಲಿ ಇಡಿ.

ಬೆಚ್ಚಗಿರಲಿ ಅಂತ ಮಾಡುವ ಅಪಾಯಗಳು

ಈ ಭಾಗ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಗುತ್ತದೆ. ಮಗುವನ್ನು ಹಗಲೂ ರಾತ್ರಿಯೂ ಬೆನ್ನ ಮೇಲೆಯೇ ಮಲಗಿಸಬೇಕು. ಬೋರಲು ಹಾಕಿದರೆ ನಿದ್ದೆ ಗಾಢವಾಗುತ್ತದೆ ನಿಜ, ಅಪಾಯ ಇರುವುದೂ ಅದರಲ್ಲೇ. ಅಮೆರಿಕದಲ್ಲಿ 1992ರಲ್ಲಿ ಮಕ್ಕಳ ವೈದ್ಯರ ಸಂಘ ಬೋರಲು ಮಲಗಿಸಬೇಡಿ ಅಂದಿತು, 1994ರಲ್ಲಿ ದೇಶದಾದ್ಯಂತ ಪ್ರಚಾರ ಶುರುವಾಯಿತು. ನಿದ್ದೆಯಲ್ಲಿ ಕಾರಣವಿಲ್ಲದೆ ಆಗುತ್ತಿದ್ದ ಶಿಶುಮರಣ ಮುಂದಿನ ವರ್ಷಗಳಲ್ಲಿ ಸುಮಾರು ಅರ್ಧಕ್ಕೆ ಇಳಿಯಿತು.

ಹಾಸಿಗೆ ಸಮತಟ್ಟಾಗಿ, ಗಟ್ಟಿಯಾಗಿರಲಿ. ತಲೆ ದುಂಡಗಾಗಲಿ ಅಂತ ಇಡುವ ಸಾಸಿವೆ ದಿಂಬು ಬೇಡ. ಎಚ್ಚರವಿದ್ದಾಗ ಎದುರಲ್ಲೇ ಕೂತು ಬೋರಲು ಆಡಿಸಿದರೆ ತಲೆಯ ಆಕಾರ ತಾನಾಗಿ ಸರಿಯಾಗುತ್ತದೆ. ಮಳೆಗಾಲದಲ್ಲಿ ಉಣ್ಣೆ ಟೋಪಿ, ಕಾಲುಚೀಲ, ಸ್ವೆಟರ್, ಮೇಲೊಂದು ಕಂಬಳಿ ಹಾಕುತ್ತೇವೆ. ಮಗು ಹೆಚ್ಚುವರಿ ಬಿಸಿ ಕಳೆದುಕೊಳ್ಳುವುದೇ ತಲೆಯಿಂದ. ಮನೆಯೊಳಗೆ ಮಲಗುವಾಗ ಟೋಪಿ ತೆಗೆಯಿರಿ. ನಾವು ಹಾಕಿದ್ದಕ್ಕಿಂತ ಒಂದು ಪದರ ಜಾಸ್ತಿ ಸಾಕು. ಕೈಕಾಲು ತಣ್ಣಗಿದ್ದರೆ ಹೆದರಬೇಡಿ, ಕತ್ತಿನ ಹಿಂಭಾಗ ಮುಟ್ಟಿ ನೋಡಿ. ಅಲ್ಲಿ ಬೆವರಿದ್ದರೆ ಬಟ್ಟೆ ಜಾಸ್ತಿಯಾಗಿದೆ. ಸುತ್ತುವ ಬಟ್ಟೆ ಎದೆಯ ಹತ್ತಿರ ಬಿಗಿಯಾಗದೆ, ಸೊಂಟದ ಕೆಳಗೆ ಕಾಲು ಮಡಚಲು ಜಾಗವಿರುವಂತೆ ಇರಲಿ. ಮಗು ಮಗುಚುವ ಲಕ್ಷಣ ತೋರಿಸಿದ ದಿನವೇ ಸುತ್ತುವುದನ್ನು ನಿಲ್ಲಿಸಿ.

ಎಲ್ಲಕ್ಕಿಂತ ನನಗೆ ಹೆದರಿಕೆ ಕೆಂಡದ್ದು. ಬಟ್ಟೆ ಒಣಗಿಸಲು, ಕೋಣೆ ಬೆಚ್ಚಗಿಡಲು ಅಗ್ಗಿಷ್ಟಿಕೆ ಒಳಗಿಟ್ಟು ಬಾಗಿಲು ಮುಚ್ಚಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರಿಗೆ ಗೊತ್ತೂ ಆಗುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಕೆಂಡ ಬೇಡವೇ ಬೇಡ. ಸ್ನಾನದ ನಂತರ ಸಾಂಬ್ರಾಣಿ ಹೊಗೆ ಹಿಡಿಯುವುದೂ ಎಳೆಯ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಶಾಸ್ತ್ರಕ್ಕೆ ಬೇಕೆಂದರೆ ಕೋಣೆಗೆ ತೋರಿಸಿ, ಮಗುವಿಗೆ ಬೇಡ.

ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಜಂತಿಗೆ ಸೀರೆ ಕಟ್ಟಿ ತೊಟ್ಟಿಲು ಮಾಡುತ್ತಾರೆ. ತೂಗಿದರೆ ಮಗು ಬೇಗ ಮಲಗುತ್ತದೆ. ಆದರೆ ಅದರೊಳಗೆ ಬೆನ್ನು ಬಾಗಿ ಗದ್ದ ಎದೆಗೆ ತಾಗುತ್ತದೆ, ಉಸಿರಿನ ದಾರಿ ಕಿರಿದಾಗುತ್ತದೆ. ಬಟ್ಟೆ ಮುಖಕ್ಕೆ ಮುಚ್ಚಬಹುದು. ಮಗುಚುವ ಮಗು ಬೀಳಬಹುದು. ಪಕ್ಕದಲ್ಲೇ ಕೂತು ತೂಗಿ ಮಲಗಿಸಿ, ಆಮೇಲೆ ನೆಲದ ಮೇಲೆ ಹಾಸಿದ ತೆಳು ಹತ್ತಿ ಹಾಸಿಗೆಗೆ ಇಳಿಸಿ, ಸೊಳ್ಳೆಪರದೆ ಮುಚ್ಚಿ. ಅಷ್ಟಾದರೆ ತೊಟ್ಟಿಲಿನ ಅನುಕೂಲವೂ ಸಿಗುತ್ತದೆ.

ನಿದ್ದೆ ಬರಲಿ ಅಂತ ನೆಕ್ಕಿಸುವುದು ಯಾವುದೂ ಬೇಡ. ಜಾಜಿಕಾಯಿ, ಬಜೆ, ಜೇನು, ಗ್ರೈಪ್ ವಾಟರ್, ‘ಒಂದೇ ಹನಿ’ ಬ್ರಾಂದಿ, ಯಾವುದೂ. ಜೇನು ಒಂದು ವರ್ಷದ ತನಕ ಬೊಟುಲಿಸಂ ಕಾಯಿಲೆಯ ಭಯಕ್ಕೆ ನಿಷಿದ್ಧ. ಬ್ರಾಂದಿ ಮಗುವಿನ ಉಸಿರನ್ನೇ ನಿಧಾನ ಮಾಡಬಲ್ಲದು. ಆರು ತಿಂಗಳು ಎದೆಹಾಲು ಬಿಟ್ಟು ನೀರೂ ಬೇಡ.

ಲಯ ತಪ್ಪುವ ದಿನಗಳು

ಆರು, ಹತ್ತು, ಹದಿನಾಲ್ಕು ವಾರದ ಲಸಿಕೆಯ ದಿನ ಮಗು ಒಂದೋ ಇಡೀ ದಿನ ಮಲಗುತ್ತದೆ, ಇಲ್ಲವೇ ಮಲಗುವುದೇ ಇಲ್ಲ. ಎರಡು ದಿನ ಬಿಟ್ಟುಬಿಡಿ. ಮೈಸೂರಿಗೋ ಮಂಗಳೂರಿಗೋ ಕಾರಿನಲ್ಲಿ ಹೋಗುವುದಿದ್ದರೆ ಮಗು ಮಲಗುವ ಹೊತ್ತಿಗೆ ಹೊರಡಿ. ಸಂಪಾಜೆ ಘಾಟಿಯ ತಿರುವುಗಳಲ್ಲಿ ಮಡಿಲಿಗಿಂತ ಮಗುವಿನ ಸೀಟೇ ಸುರಕ್ಷಿತ. ಮನೆ ತಲುಪಿದ ಮೇಲೆ ಮಾತ್ರ ಸೀಟಿನಲ್ಲೇ ಮಲಗಲು ಬಿಡಬೇಡಿ.

ತವರಿಂದ ಗಂಡನ ಮನೆಗೆ ಹೋಗುವುದು ದೊಡ್ಡ ಬದಲಾವಣೆ. ಮೂರು ಅಥವಾ ಐದು ತಿಂಗಳಿಗೆ ಹೊರಡುತ್ತಾರೆ. ಮಗುವಿನ ನಿದ್ದೆ ಸ್ವತಃ ರೂಪ ಬದಲಿಸುವುದೂ ನಾಲ್ಕನೇ ತಿಂಗಳ ಸುಮಾರಿಗೇ. ಎರಡೂ ಒಟ್ಟಿಗೆ ಬಂದರೆ ‘ಆ ಮನೆ ಆಗಿಬರಲಿಲ್ಲ’ ಅನ್ನುವ ಮಾತು ಹುಟ್ಟುತ್ತದೆ. ಮನೆಯ ದೋಷ ಏನೂ ಇಲ್ಲ. ಹಳೆಯ ಹೊದಿಕೆಯನ್ನು ತೊಳೆಯದೆ ತೆಗೆದುಕೊಂಡು ಹೋಗಿ ಮಗುವಿನ ಕೆಳಗೆ ಬಿಗಿಯಾಗಿ ಹಾಸಿ. ಅದೇ ಹಾಡು, ಅದೇ ಕ್ರಮ ಹಿಡಿಯಿರಿ. ಒಂದೆರಡು ವಾರದಲ್ಲಿ ಹೊಂದಿಕೊಳ್ಳುತ್ತದೆ. ಆಶಾ ಕಾರ್ಯಕರ್ತೆ ಮೂರನೇ ತಿಂಗಳು, ಆರನೇ ತಿಂಗಳು ಮನೆಗೆ ಬಂದಾಗ ತೂಕ ನೋಡಿಸಿ, ನಿದ್ದೆಯ ಮಾತೂ ಎತ್ತಿ.

ಕೆಲಸಕ್ಕೆ ಮರಳುವ ಅಮ್ಮಂದಿರಿಗೆ ಆರನೇ ತಿಂಗಳು ಹತ್ತಿರ ಬರುತ್ತದೆ. ಕಾನೂನಿನ ಹೆರಿಗೆ ರಜೆ 26 ವಾರ. 50 ಅಥವಾ ಜಾಸ್ತಿ ಹೆಂಗಸರು ದುಡಿಯುವ ತೋಟದಲ್ಲಿ ಶಿಶುಪಾಲನೆಯ ಕೋಣೆ ಇರಬೇಕು ಅಂತ 1951ರ ತೋಟ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಕೊಯ್ಲಿನ ಸಮಯದಲ್ಲಿ ದಿನಗೂಲಿಗೆ ಬರುವವರ ಮಕ್ಕಳು ಮಾತ್ರ ಗಿಡದ ನೆರಳಲ್ಲೇ ಮಲಗುತ್ತವೆ. ಅದು ಬೇರೆಯೇ ಲೇಖನಕ್ಕೆ ಆಗುವ ಮಾತು. ಅತ್ತೆಯಾಗಲಿ, ಆಯಾ ಆಗಲಿ, ನೋಡಿಕೊಳ್ಳುವವರಿಗೆ ಗಂಟೆಗಳ ಪಟ್ಟಿ ಕೊಡಬೇಡಿ. ಎದ್ದು ಎಷ್ಟು ಹೊತ್ತಿಗೆ ದಣಿಯುತ್ತದೆ, ದಣಿದಾಗ ಮುಖ ಹೇಗಾಗುತ್ತದೆ, ಮಲಗಿಸುವ ಮುಂಚೆ ಏನು ಮಾಡುತ್ತೀರಿ, ಬೆನ್ನ ಮೇಲೆಯೇ ಮಲಗಿಸಬೇಕು ಅನ್ನುವುದು. ಇಷ್ಟು ಹೇಳಿ. ಕೆಲಸ ಶುರುವಾಗುವ ಎರಡು ವಾರ ಮೊದಲೇ ದಿನಕ್ಕೊಂದು ನಿದ್ದೆ ಅವರೇ ಮಾಡಿಸಲಿ.

ಅಷ್ಟರಲ್ಲಿ ನಿದ್ದೆಗಳು ತಾವಾಗಿ ಉದ್ದವಾಗುತ್ತಾ ಬರುತ್ತವೆ. ಆರು ತಿಂಗಳಿಗೆ ದಿನಕ್ಕೆ ಮೂರು, ಏಳರಿಂದ ಒಂಬತ್ತು ತಿಂಗಳ ನಡುವೆ ಎರಡು. ಮೊದಲು ಹೋಗುವುದು ಸಂಜೆಯದು. ಆಗ ಎರಡು-ಮೂರು ವಾರ ಒಂದು ದಿನ ಮೂರು, ಒಂದು ದಿನ ಎರಡು ಅಂತ ಎಳೆದಾಡುತ್ತದೆ. ಸಂಜೆ ಮಲಗದ ದಿನ ರಾತ್ರಿ ಅರ್ಧ ಗಂಟೆ ಮೊದಲೇ ಮಲಗಿಸಿಬಿಡಿ.